ಅರವತ್ತನಾಲ್ಕನೆಯ ಅಟ್ಟ

ಬಡಗಿಗೆ ಅಕ್ಕನ ಮುಂದೆ ಬಾಯಿ ಇರಲಿಲ್ಲ.

ಬೇರೆಯವರ ಮುಂದೆ ಧಾರಾಳವಾಗಿಯೇ ಇತ್ತು. ಮರದ ಮಂಡಿಯವನು ನಾಲ್ಕು ಒಳ್ಳೆಯ ಹಲಗೆಗಳ ನಡುವೆ ಒಂದು ಗಂಟುಹಲಗೆ ಸೇರಿಸಿ ಕಳಿಸಿದರೆ, ಅಲ್ಲಿಗೇ ಹೋಗಿ ಅವನ ಮೂರು ತಲೆಮಾರನ್ನು ಜಾಲಾಡಿ ಬರುತ್ತಿದ್ದ. ಆದರೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು "ಏನೋ?" ಎಂದರೆ ಸಾಕು, ಐವತ್ತು ದಾಟಿದ ಗಂಡಸು ನೆಲ ನೋಡುತ್ತಿದ್ದ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೇಳು. ಅವಳು ಅವನನ್ನು ಒಗೆಯುವ ಕಲ್ಲಿನ ಹತ್ತಿರ ಒಂದು ಗೂಟಕ್ಕೆ ಹಳೆಯ ಚಾದರದಿಂದ ಕಟ್ಟಿಹಾಕಿ ಹೊಳೆಗೆ ಇಳಿಯುತ್ತಿದ್ದಳು. ಅವನು ಅಲ್ಲೇ ಅತ್ತು, ಅಲ್ಲೇ ಉಂಡು, ಅಲ್ಲೇ ನಿದ್ದೆ ಮಾಡಿ ದೊಡ್ಡವನಾದ. ಈಗಲೂ ಅವನೇನಾದರೂ ಎದುರಾಡಲು ಹೊರಟರೆ ಅವಳು ಹೇಳುವುದು ಅದನ್ನೇ: "ಗೂಟ ಇನ್ನೂ ಇದೆ ಕಣೋ, ಕಟ್ಟಿಬಿಡ್ತೀನಿ ನೋಡು."

ಹೊಳೆದಂಡೆಯಲ್ಲಿ ನಾಲ್ಕು ಸಾಲು, ಅರವತ್ತನಾಲ್ಕು ಮನೆ. ಅರ್ಧಕ್ಕರ್ಧ ಮನೆಗಳ ಕಸುಬು ಬಟ್ಟೆ ಒಗೆಯುವುದು. ಮನೆಬಟ್ಟೆ ಅಲ್ಲ, ಆಸ್ಪತ್ರೆಯ ಚಾದರ, ವಸತಿಗೃಹಗಳ ದಿಂಬಿನ ಚೀಲ, ಊಟದ ಹೋಟೆಲುಗಳ ಮೇಜುಬಟ್ಟೆ. ಬೆಳಿಗ್ಗೆ ವ್ಯಾನು ಕೊಳೆಯ ಗಂಟುಗಳನ್ನು ಸುರಿದು ಹೋಗುತ್ತಿತ್ತು, ಸಂಜೆ ಮಡಿಸಿದ್ದನ್ನು ತುಂಬಿಕೊಂಡು ಹೋಗುತ್ತಿತ್ತು. ಹರಿಯುವ ನೀರಿಲ್ಲದೆ ಆ ಕೆಲಸ ಆಗುವುದಿಲ್ಲ. ರಕ್ತದ ಕಲೆ ನಿಂತ ನೀರಿಗೆ ಬಿಡುವುದಿಲ್ಲ.

ಹೊಳೆಯ ಪಕ್ಕದಲ್ಲಿ ಬದುಕುವವರಿಗೆ ಹೊಳೆ ಮನೆಗೆ ಬರುವುದು ಹೊಸತಲ್ಲ. ಎರಡು ವರ್ಷಕ್ಕೊಮ್ಮೆ ಬರುತ್ತಿತ್ತು, ಒಂದು ದಿನ ಇರುತ್ತಿತ್ತು, ಕೆಸರು ಬಿಟ್ಟು ಹೋಗುತ್ತಿತ್ತು. ಅದಕ್ಕೇ ಪ್ರತಿ ಮನೆಗೂ ಒಂದು ಅಟ್ಟ. ಮೇಲಿನ ಅಣೆಕಟ್ಟೆಯವರು ನೀರು ಬಿಡುವ ಮುಂಚೆ ಸೈರನ್ ಕೂಗಿಸುತ್ತಿದ್ದರು. ಕೂಗಿದ ತಕ್ಷಣ ಎಲ್ಲಿದ್ದವರೂ ಮನೆಯೊಳಗೆ ಓಡಬೇಕು. ಬಾಗಿಲು ಹಾಕಿ, ದಪ್ಪ ಅಗುಳಿ ಜಡಿಯಬೇಕು, ಇಲ್ಲದಿದ್ದರೆ ಸೆಳೆತಕ್ಕೆ ಪಾತ್ರೆಪಗಡ ಕೊಚ್ಚಿಹೋಗುತ್ತದೆ. ಆಮೇಲೆ ಏಣಿ ಹತ್ತಿ ಅಟ್ಟ ಸೇರಬೇಕು. ಅಟ್ಟದ ಮೇಲೆ ಒಂದು ಸ್ಟೋವು, ಒಂದು ಕ್ಯಾನು ಕುಡಿಯುವ ನೀರು, ಚಾಪೆ, ಬಿಸ್ಕತ್ತಿನ ಡಬ್ಬಿ ಯಾವಾಗಲೂ ಇರುತ್ತಿದ್ದವು. ಆ ಬೀದಿಯ ಮಕ್ಕಳು ಅಕ್ಷರಕ್ಕಿಂತ ಮೊದಲು ಏಣಿ ಹತ್ತುವುದನ್ನು ಕಲಿಯುತ್ತಿದ್ದವು.

ಅರವತ್ತನಾಲ್ಕು ಅಟ್ಟಗಳನ್ನೂ ಕೂಡಿಸಿದವನು ಬಡಗಿ. ಅವನಿಗಿಂತ ಮುಂಚೆ ಇದ್ದ ಹಳೆಯವನ್ನು ಕೂಡ ಅವನೇ ಬಿಚ್ಚಿ ಹೊಸದಾಗಿ ಕೂಡಿಸಿದ್ದ. ಮೊಳೆ ಹೊಡೆಯುತ್ತಿರಲಿಲ್ಲ, ಒದ್ದೆಗೆ ಮೊಳೆ ತುಕ್ಕು ಹಿಡಿಯುತ್ತದೆ. ಗೋಡೆಯಲ್ಲಿ ಕೊರೆದ ಗೂಡಿಗೆ ತೊಲೆ ತೂರಿಸಿ, ಮರದ ಬೆಣೆ ಜಡಿದು, ಮೇಲೆ ಹಲಗೆ ಹಾಸುತ್ತಿದ್ದ. ಎತ್ತರ ಏಳಡಿ. "ಏಳಡಿಗಿಂತ ಮೇಲೆ ನಮ್ಮ ಅಜ್ಜನ ಕಾಲದಲ್ಲೂ ಬಂದಿಲ್ಲ," ಎಂದು ಎಲ್ಲರಿಗೂ ಹೇಳಿದವನು ಅವನೇ.

ಕಳೆದ ವರ್ಷ ಎಂಟಡಿ ಬಂತು.

ಹೊಳೆಗೆ ತೀರ ಹತ್ತಿರದ ಸಾಲಿನಲ್ಲಿ ಇಪ್ಪತ್ಮೂರು ಜನ ಅಟ್ಟದ ಮೇಲೆಯೇ ಸತ್ತರು. ಹೆಣಗಳು ಹಲಗೆಗೂ ಹಂಚಿನ ಮಾಡಿಗೂ ನಡುವೆ ಸಿಕ್ಕಿಕೊಂಡಿದ್ದವು. ಬಡಗಿಯೇ ಹಂಚು ತೆಗೆದು ಒಬ್ಬೊಬ್ಬರನ್ನೇ ಇಳಿಸಿದ. ಯಾರೂ ಅವನನ್ನು ದೂರಲಿಲ್ಲ. ಅವನೂ ಯಾರ ಹತ್ತಿರವೂ ಮಾತೆತ್ತಲಿಲ್ಲ. ಆಮೇಲೆ ಒಂದು ಅಟ್ಟಕ್ಕೂ ಅವನು ಉಳಿ ಹಿಡಿಯಲಿಲ್ಲ.

ಆ ಸಾಲಿನಲ್ಲಿ ಅಕ್ಕನ ಅಟ್ಟ ಮಾತ್ರ ಮುಳುಗಿರಲಿಲ್ಲ. ಸಾಲಿನ ಕೊನೆಯ ಆ ಕಟ್ಟಡ ಒಂದು ಕಾಲಕ್ಕೆ ಉಪ್ಪಿನ ಗೋದಾಮು. ಗೋಡೆ ಎತ್ತರ, ಅದಕ್ಕೆ ತಕ್ಕಂತೆ ಅಟ್ಟ ಒಂಬತ್ತೂವರೆ ಅಡಿಗೆ. ಅಲ್ಲಿ ಅಕ್ಕನ ಜೊತೆ ಹದಿಮೂರು ಜನ ಎರಡು ದಿನ ಕುಕ್ಕುರುಗಾಲಲ್ಲಿ ಕೂತು ಬದುಕಿದರು. ಅಂದಿನಿಂದ ಆ ಅಟ್ಟದ ಮೇಲೆ ಅಕ್ಕನಿಗಿದ್ದ ನಂಬಿಕೆಯನ್ನು ಕೀಳಲು ಯಾರಿಂದಲೂ ಆಗಲಿಲ್ಲ.

ಹತ್ತು ತಿಂಗಳಲ್ಲಿ ಸರ್ಕಾರ ಗುಡ್ಡದ ಮೇಲೆ ಹೊಸ ಕಾಲೊನಿ ಕಟ್ಟಿತು. ಅರವತ್ತನಾಲ್ಕು ಸಿಮೆಂಟಿನ ಮನೆ, ಅರವತ್ತನಾಲ್ಕು ನೀಲಿ ಬಾಗಿಲು. ಸೈರನ್ ಕಂಬವನ್ನೂ ಕಿತ್ತು ತಂದು ಕಾಲೊನಿಯ ನಡುವೆ ನೆಟ್ಟರು. ಜನ ಎಲ್ಲಿಗೆ ಬಂದರೋ ಸೈರನ್ ಕೂಡ ಅಲ್ಲಿರಬೇಕು ಎಂದು ಕಾಗದದಲ್ಲಿತ್ತು. ಎಲ್ಲವೂ ಬಂತು, ನೀರು ಬರಲಿಲ್ಲ. ವಾರಕ್ಕೆ ಎರಡು ಸಲ ಟ್ಯಾಂಕರ್, ಮನೆಗೆ ನಾಲ್ಕು ಕೊಡ. ಕುಡಿಯಲು ಸಾಕು, ಮುನ್ನೂರು ಚಾದರಕ್ಕೆ ಸಾಲದು. ಹಲವರು ಕಸುಬು ಬಿಟ್ಟು ಪೇಟೆಯಲ್ಲಿ ಗುಡಿಸುವ, ಒರೆಸುವ ಕೆಲಸ ಹಿಡಿದರು. ಉಳಿದ ಹನ್ನೊಂದು ಹೆಂಗಸರು ಅಕ್ಕನ ಹಿಂದೆ ದಿನಾ ಬೆಳಿಗ್ಗೆ ವ್ಯಾನಿನಲ್ಲೇ ಹೊಳೆಗೆ ಇಳಿಯುತ್ತಿದ್ದರು, ಸಂಜೆ ಅದರಲ್ಲೇ ಗುಡ್ಡ ಹತ್ತುತ್ತಿದ್ದರು. ಅಕ್ಕನೂ ಸೇರಿಯೇ ಹನ್ನೊಂದು.

ಜನ ಮತ್ತೆ ಕೆಳಗೆ ಹೋಗಿ ಮಲಗಬಾರದು ಎಂದು ಒಂದು ನಿಯಮ ಬಂತು. ಹಳೆಯ ಮನೆಗಳನ್ನು ವಾಸಕ್ಕೆ ಯೋಗ್ಯವಲ್ಲದಂತೆ ಮಾಡಬೇಕು. ಗೋಡೆ ಕೆಡಹುವ ಯಂತ್ರ ಮಳೆಗಾಲ ಮುಗಿಯುವ ತನಕ ಆ ಕೆಸರಿಗೆ ಇಳಿಯುವಂತಿರಲಿಲ್ಲ. ಅಲ್ಲಿಯವರೆಗೆ ಅಟ್ಟ ತೆಗೆದರೆ ಸಾಕು. ಅಟ್ಟವಿಲ್ಲದ ಮನೆಯಲ್ಲಿ ಆ ಜನ ಒಂದು ರಾತ್ರಿಯೂ ಇರುವುದಿಲ್ಲ ಎಂದು ವಸತಿ ಸಾಹೇಬರಿಗೆ ಗೊತ್ತಿತ್ತು. ಅವರು ಕಾಲೊನಿಯ ಕೆಲಸ ನೋಡಿಕೊಳ್ಳಲು ಬಂದ ಅಧಿಕಾರಿ, ಕೆಟ್ಟವರೇನಲ್ಲ. ಅಟ್ಟ ಇಳಿಸುವ ಕೆಲಸ ಬಡಗಿಗೆ ಕೊಟ್ಟರು. ಅವನು ಎರಡು ತಿಂಗಳಲ್ಲಿ ಅರವತ್ತಮೂರು ಇಳಿಸಿದ. ಒಂದೊಂದು ಬೆಣೆ ಕಳಚಿದಾಗಲೂ ಅವನ ಎದೆಯ ಭಾರ ಒಂದಿಷ್ಟು ಕಡಿಮೆಯಾಗುತ್ತಿತ್ತು.

"ಅರವತ್ತಮೂರಕ್ಕೆ ಟಿಕ್ ಬಿದ್ದಿದೆ ಮೇಸ್ತ್ರಿ," ಎಂದರು ಸಾಹೇಬರು, ಸೈರನ್ ಕಂಬದ ಕೆಳಗಿನ ತಗಡಿನ ಕೋಣೆಯಲ್ಲಿ ಕೂತು. "ಒಂದು ಉಳಿದಿದೆ. ಯಾರದು ಅಂತ ನಾನು ಹೇಳ್ಬೇಕಾ?"

"ಗೊತ್ತು ಸಾರ್."

"ಅದೊಂದಕ್ಕೋಸ್ಕರ ಫೈಲ್ ನಿಂತಿದೆ. ಫೈಲ್ ಮುಚ್ಚದೆ ಪೈಪಿನವರು ಅಗೆಯೋಕೆ ಶುರು ಮಾಡಲ್ಲ. ನಾನು ಹೋಗಿ ಕೇಳಿದ್ರೆ ನಿಮ್ಮಕ್ಕ ನನ್ನ ಅಂಗಿ ಹಿಡಿದು, ಕಾಲರ್ ಕೊಳೆಯಾಗಿದೆ ಬಿಚ್ಚಿಕೊಡಿ ಅಂತಾರೆ."

"ಅವಳು ಹಾಗೇ ಸಾರ್."

"ಹಾಗೇ ಅಂದ್ರೆ ಆಗಲ್ಲ ಮೇಸ್ತ್ರಿ. ನೀರಿಲ್ಲದೆ ಅರವತ್ತಮೂರು ಮನೆ ಕಾಯ್ತಾ ಇದೆ."

ಅರವತ್ತಮೂರು ಮನೆಯವರೂ ಸುಮ್ಮನಿರಲಿಲ್ಲ. ಟ್ಯಾಂಕರಿನ ಸಾಲಿನಲ್ಲಿ ಬಡಗಿ ನಿಂತರೆ ಹಿಂದಿನಿಂದ ಮಾತು ಬರುತ್ತಿತ್ತು. "ಊರವರ ಅಟ್ಟ ಇಳಿಸೋವಾಗ ಕೈ ಚುರುಕಾಗಿತ್ತಪ್ಪ. ಅಕ್ಕನ ಅಟ್ಟದ ಕೆಳಗೆ ಹೋದಾಗ ವಾಯು ಹಿಡ್ಕೊಂತು." ಬಡಗಿ ಕೊಡ ತುಂಬಿಸಿಕೊಂಡು ಹೊರಡುತ್ತಿದ್ದ. ಮನೆಯಲ್ಲಿ ಹೆಂಡತಿ ಬೇರೆ. "ನಿಮ್ಮಕ್ಕನ ಹಟಕ್ಕೆ ನಾನು ಮೂರು ದಿನಕ್ಕೊಂದು ಸಲ ಮೈಗೆ ನೀರು ಹಾಕ್ಕೋಬೇಕಾ? ಹೇಳ್ರೀ, ಬಾಯಿಬಿಟ್ಟು ಹೇಳ್ರೀ ಆ ಮಹಾರಾಣಿಗೆ."

ಒಂದು ಮಧ್ಯಾಹ್ನ ಹೇಳಲೆಂದೇ ಹೋದ. ಗುಡ್ಡದಿಂದ ಬೀದಿಯ ಬೆನ್ನಿಗೆ ಒಂದು ಕಡಿದಾದ ಕಾಲುದಾರಿ ಇತ್ತು; ವ್ಯಾನಿನ ರಸ್ತೆ ಸೇತುವೆ ಸುತ್ತಿ ಬಂದರೆ ಇದು ನೆಟ್ಟಗೆ ಇಳಿಯುತ್ತಿತ್ತು. ಹನ್ನೊಂದು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಸಾಲಾಗಿ ನಿಂತು ಚಾದರ ಎತ್ತಿ ಬಡಿಯುತ್ತಿದ್ದರು. ಅಕ್ಕ ತುದಿಯ ಕಲ್ಲಿನಲ್ಲಿ. ಪಕ್ಕದ ಕಲ್ಲಿನವಳು ರೇಡಿಯೋ. ಅವಳ ನಿಜವಾದ ಹೆಸರನ್ನು ಅವಳ ಗಂಡನೂ ಮರೆತಿದ್ದ; ಬಾಯಿಗೆ ಬಿಡುವಿಲ್ಲದವಳಾದ್ದರಿಂದ ಎಲ್ಲರಿಗೂ ರೇಡಿಯೋ.

"ಬಂದ್ರು ನೋಡಿ ಸಾಹೇಬ್ರ ದೂತರು," ಎಂದಳು ರೇಡಿಯೋ. "ಅಕ್ಕಾ, ಇವತ್ತು ಮುಖ ನೋಡಿದ್ರೆ ಏನೋ ಹೇಳೋಕೆ ಬಂದಿದಾನೆ. ನಿನ್ನ ಕಂಡ ಕೂಡಲೇ ನುಂಗಿಕೊಂಡ."

"ಊಟ ಆಯ್ತೇನೋ?" ಎಂದಳು ಅಕ್ಕ.

"ಆಯ್ತು. ಅಕ್ಕಾ, ಆ ಅಟ್ಟದ್ದು…"

"ಏನು ಅಟ್ಟದ್ದು?"

ಅವನು ನೆಲ ನೋಡುತ್ತಲೇ ಹೇಳಿದ: "ಅದೊಂದು ಇಳಿಸಿದ್ರೆ ಫೈಲು ಮುಚ್ಚುತ್ತಂತೆ. ಫೈಲು ಮುಚ್ಚಿದ್ರೆ ಪೈಪು. ಪೈಪು ಬಂದ್ರೆ ನೀವೆಲ್ಲ ಮೇಲೇ ಒಗೀಬಹುದು. ಈ ಹೊಳೆ ಸಹವಾಸನೇ ಬೇಡ."

"ಮೊದಲು ಪೈಪು ಬರಲಿ, ಆಮೇಲೆ ಅಟ್ಟ. ಎಷ್ಟು ಸಾಹೇಬರ ಚಾದರ ಒಗೆದಿದೀನಿ ನಾನು. ಅವರ ಮಾತಿಗೆ ಎಷ್ಟು ದಿನ ಬಣ್ಣ ಇರುತ್ತೆ ಅಂತ ನನಗೆ ಗೊತ್ತಿಲ್ವಾ?"

"ಸೈರನ್ ಆದ್ರೆ ಕಾಲುದಾರಿ ಹತ್ತಬೇಕು ಅಂತ ಸಾಹೇಬ್ರು ಕಲಿಸಿಕೊಟ್ಟಿದಾರಲ್ಲ. ಐದೇ ನಿಮಿಷ."

ಅಕ್ಕ ಚಾದರವನ್ನು ಕಲ್ಲಿನ ಮೇಲೆ ಬಿಟ್ಟು ದಂಡೆಗೆ ಬಂದಳು. ಒದ್ದೆ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದಳು. ಎರಡೂ ಮಂಡಿ ಊದಿ, ಚರ್ಮ ಮಿರಿಮಿರಿ ಮಿಂಚುತ್ತಿತ್ತು. "ಈ ಕಾಲಲ್ಲಾ? ಐದು ನಿಮಿಷ ನಿನಗೆ. ನನಗೆ ಅರ್ಧ ಗಂಟೆ. ಅಷ್ಟರಲ್ಲಿ ಹೊಳೆ ನನ್ನ ಹಿಂದೆನೇ ಹತ್ತಿಕೊಂಡು ಬಂದು, ಬಾ ಅಜ್ಜಿ ಕೈ ಕೊಡ್ತೀನಿ ಅನ್ನುತ್ತೆ." ಹೆಂಗಸರು ನಕ್ಕರು. ಅಕ್ಕ ನಗಲಿಲ್ಲ. "ಈ ಹತ್ತು ಜನ ಮಕ್ಕಳುಮರಿ ಬಿಟ್ಟು ಇಲ್ಲಿ ಬಂದು ನಿಂತಿರೋದು ಆ ಅಟ್ಟದ ಧೈರ್ಯದ ಮೇಲೆ ಕಣೋ. ಅದರ ಮೇಲೆ ಕೈ ಇಟ್ಟೆ ಅಂದ್ರೆ ನೀನು ನನ್ನ ತಮ್ಮನೇ ಅಲ್ಲ. ತಿಳೀತಾ?"

"ಹ್ಞೂಂ."

"ಹ್ಞೂಂ ಅಂದ್ರೆ?"

"ತಿಳೀತು."

ಮಂಡಿಗಳನ್ನು ನೋಡಿದ ಮೇಲೆ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು. ಗುಡ್ಡ ಹತ್ತುವಾಗ ಕಣ್ಣ ಮುಂದೆ ಬಂದದ್ದು ಅದೇ ಹಂಚು ತೆಗೆದ ಮಾಡು, ಒಳಗೆ ಒತ್ತಿಕೊಂಡು ಬಿದ್ದಿದ್ದ ಇಪ್ಪತ್ಮೂರು ಜನ. ಏಳಡಿ ಸಾಕು ಎಂದವರಿಗೆ ಹೊಳೆ ಎಂಟು ತೋರಿಸಿತ್ತು. ಈ ವರ್ಷ ಹತ್ತು ಬರುವುದಿಲ್ಲ ಎಂದು ಬರೆದುಕೊಟ್ಟವರು ಯಾರು? ಅಟ್ಟ ಇರುವ ತನಕ ಅವಳು ಅಲ್ಲಿಂದ ಕದಲುವುದಿಲ್ಲ. ಅಟ್ಟ ಹೋದರೆ ಬೈಯುತ್ತಾಳೆ, ಒಂದು ವಾರ ಮಾತು ಬಿಡುತ್ತಾಳೆ, ಬೇರೆ ದಾರಿ ಇಲ್ಲದೆ ಮೇಲೆ ಉಳಿಯುತ್ತಾಳೆ. ಅಷ್ಟರಲ್ಲಿ ಪೈಪು ಬರುತ್ತದೆ. ಅವನ ಲೆಕ್ಕ ಇಷ್ಟೇ. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ವಾರದ ರಜೆಯ ದಿನ ವ್ಯಾನು ಬರುತ್ತಿರಲಿಲ್ಲ, ಹೆಂಗಸರು ಕೆಳಗಿಳಿಯುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಬಡಗಿ ಹಳೆಯ ಮರ ತರುತ್ತೇನೆಂದು ಹೇಳಿ ತಳ್ಳುಗಾಡಿಯೊಂದಿಗೆ ಸೇತುವೆ ಸುತ್ತಿ ಇಳಿದ. ಅಕ್ಕನ ಮನೆಯ ಇನ್ನೊಂದು ಕೀಲಿಕೈ ಅವನ ಹತ್ತಿರ ಯಾವಾಗಲೂ ಇರುತ್ತಿತ್ತು.

ಒಳಗೆ ಸೋಪಿನ ವಾಸನೆ, ಹಳೆಯ ಉಪ್ಪಿನ ವಾಸನೆ. ಮೊದಲು ಏಣಿ ಹತ್ತಿ ಮೇಲಿದ್ದ ಸಾಮಾನು ಇಳಿಸಿದ: ಸ್ಟೋವು, ಎರಡು ಕ್ಯಾನು ನೀರು, ಹನ್ನೊಂದು ಚಾಪೆ. ಚಾಪೆಗಳನ್ನು ಅಕ್ಕ ಎಣಿಸಿಯೇ ಇಟ್ಟಿದ್ದಳು. ಆಮೇಲೆ ಹಲಗೆ ಎಬ್ಬಿಸಿದ. ಬೆಣೆಗಳು ಗಟ್ಟಿಯಾಗಿ ಕೂತಿದ್ದವು. ಒಂದೊಂದಕ್ಕೂ ಹತ್ತು ಹನ್ನೆರಡು ಪೆಟ್ಟು ಬೇಕಾಯಿತು. ಇಷ್ಟು ಚೆನ್ನಾಗಿ ಕೂಡಿಸಿದ್ದೆನಲ್ಲ ಎಂದು ಒಮ್ಮೆ ಅನ್ನಿಸಿತು. ನಾಲ್ಕು ತೊಲೆ, ಹದಿನೆಂಟು ಹಲಗೆ, ಒಂದು ಏಣಿ. ಗೋಡೆಯಲ್ಲಿ ಎಂಟು ಗೂಡುಗಳು ಬಾಯಿ ತೆರೆದುಕೊಂಡು ಉಳಿದವು. ಮಧ್ಯಾಹ್ನದ ಹೊತ್ತಿಗೆ ಸಾಹೇಬರ ಗುಮಾಸ್ತ ಬಂದು ಬಾಗಿಲಲ್ಲೇ ನಿಂತು ತಲೆಯೆತ್ತಿ ನೋಡಿ ಟಿಕ್ ಹಾಕಿಕೊಂಡು ಹೋದ. ಬಡಗಿ ಮರ, ಇಳಿಸಿದ ಸಾಮಾನು ಹೇರಿ ಮೂರು ಸಲ ಗುಡ್ಡ ಹತ್ತಿದ. ಕೊನೆಯ ಸಲ ಹೊರಡುವಾಗ ನೆಲ ಗುಡಿಸಿ, ಬಾಗಿಲೆಳೆದು, ಮೊದಲಿದ್ದ ಹಾಗೆಯೇ ಬೀಗ ಹಾಕಿದ.

ಸಂಜೆ ಬಿಸಿಲಿರುವಾಗಲೇ ಹೇಳಿಬಿಡಬೇಕೆಂದು ಅಕ್ಕನ ಮನೆಗೆ ಹೋದ. ಅವಳು ನೀಲಿ ಬಾಗಿಲ ಹತ್ತಿರ ಕಾಲು ಚಾಚಿ ಕೂತು ಮಂಡಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಅವನಿಗೆ ಚಹಾ ಕೊಟ್ಟಳು. ತಾನು ಕುಡಿಯುತ್ತ, ಎಂದೂ ಇಲ್ಲದಂತೆ ಮೆತ್ತಗಿನ ದನಿಯಲ್ಲಿ ಹೇಳಿದಳು: "ಊರೆಲ್ಲ ನಿನ್ನ ಪ್ರಾಣ ತಿಂತಾ ಇದಾರಂತೆ ನನ್ನಿಂದಾಗಿ. ರೇಡಿಯೋ ಹೇಳಿದ್ಲು."

"ಇಲ್ಲ, ಹಾಗೇನಿಲ್ಲ."

"ಇದೆ. ಇಷ್ಟಾದ್ರೂ ನಿನ್ನ ತಮ್ಮ ಸಾಹೇಬ್ರ ಮಾತು ಕೇಳಲಿಲ್ಲವಲ್ಲಕ್ಕಾ ಅಂದ್ಲು. ಯಾಕೆ ಕೇಳ್ತಾನೆ, ನಾನು ಸಾಕಿದ ಹುಡುಗ ಅಂದೆ." ಲೋಟ ಕೆಳಗಿಟ್ಟಳು. "ಏನೋ ಹೇಳೋಕೆ ಬಂದೆಯಲ್ಲ?"

"ಏನಿಲ್ಲ. ಕಾಲು ಹೇಗಿದೆ ನೋಡೋಣ ಅಂತ."

"ಕಾಲು ಇದೆ. ಹೋಗು, ನಿನ್ನ ಹೆಂಡತಿ ಕಾಯ್ತಿರ್ತಾಳೆ ಬೈಯೋಕೆ."

ಹೆಂಡತಿ ನಿಜವಾಗಿಯೂ ಕಾಯುತ್ತಿದ್ದಳು. ಹಿತ್ತಿಲಲ್ಲಿ ತಾಡಪಾಲು ಹೊದಿಸಿದ್ದ ಹಲಗೆಗಳನ್ನು ಅವಳು ನೋಡಿದ್ದಳು. "ಹೇಳಿದ್ರಾ?"

"ನಾಳೆ ಬೆಳಿಗ್ಗೆ ಹೇಳ್ತೀನಿ."

"ಬೆಳಿಗ್ಗೆ ಐದೂವರೆಗೆ ವ್ಯಾನು. ನೀವು ಏಳೋದು ಏಳಕ್ಕೆ."

"ಎದ್ದೇಳ್ತೀನಿ ಬಿಡು."

ಏಳಲಿಲ್ಲ. ಅಥವಾ ಎಚ್ಚರವಿದ್ದೂ ವ್ಯಾನಿನ ಸದ್ದು ತಿರುವು ದಾಟುವ ತನಕ ಕಣ್ಣು ತೆರೆಯಲಿಲ್ಲ. ಹೆಂಡತಿ ತಟ್ಟೆ ಕುಕ್ಕಿದಳು. "ಏನ್ರೀ ಮನುಷ್ಯ ನೀವು? ಕದ್ದವರ ಹಾಗೆ ಮಾಡಿ ಬಂದಿದೀರಿ. ಅಲ್ಲಿ ಹೋಗಿ ತಲೆ ಎತ್ತಿ ನೋಡಿದ್ರೆ ಏನಂದ್ಕೋತಾರೆ? ಹೋಗಿ ಹೇಳಿ ಬನ್ನಿ, ಈಗಲೇ."

"ಮಧ್ಯಾಹ್ನ ಊಟದ ಹೊತ್ತಿಗೆ ಇಳಿದು ಹೇಳ್ತೀನಿ. ಅಲ್ಲಿ ತನಕ ಅವರು ಒಳಗೆ ಹೋಗಲ್ಲ."

ಅದು ನಿಜ. ಸೋಪಿನ ಪೀಪಾಯಿ, ಬಕೆಟ್ಟು, ಹಂಡೆ ಎಲ್ಲ ಹೊರಗಿನ ಜಗಲಿಯಲ್ಲೇ ಇರುತ್ತಿದ್ದವು. ಮಳೆ ಬಂದರೆ ಮಾತ್ರ ಒಣಹಾಕಲು ಒಳಗೆ, ಇಲ್ಲದಿದ್ದರೆ ಉಂಡು ಅರ್ಧ ಗಂಟೆ ಅಡ್ಡಾಗಲು. ಅಂದು ಬಾನು ತೊಳೆದಿಟ್ಟ ಹಾಗಿತ್ತು.

ಬರಿಗೈಯಲ್ಲಿ ಹೋಗಿ ಹೇಳುವುದಕ್ಕಿಂತ ಏನಾದರೂ ತೋರಿಸಿ ಹೇಳುವುದು ಸುಲಭ ಎಂದುಕೊಂಡ ಬಡಗಿ. ಅಟ್ಟದ ಹಲಗೆಯಲ್ಲೇ ಎರಡನ್ನು ಎತ್ತಿಕೊಂಡು ಒಂದು ಗಿಡ್ಡ ಬೆಂಚು ಮಾಡಲು ಕೂತ. ಪೈಪು ಬಂದ ಮೇಲೆ ಅಕ್ಕ ನಿಂತು ಒಗೆಯುವುದು ಬೇಡ, ಇದರ ಮೇಲೆ ಕೂತು ಒಗೆಯಲಿ. ನೋಡು, ನಿನ್ನ ಅಟ್ಟ ಎಲ್ಲೂ ಹೋಗಿಲ್ಲ, ಎಂದು ಮಾತು ಶುರು ಮಾಡಬಹುದು. ಎರಡು ಕಾಲು ಕೂಡಿಸಿದ. ಮೂರನೆಯದು ಸ್ವಲ್ಪ ಆಡುತ್ತಿತ್ತು. ಅದನ್ನು ಬಿಚ್ಚಿ ಮತ್ತೆ ಕೂಡಿಸಿದ. ಅವಸರವಿರಲಿಲ್ಲ. ನಿಜವಾಗಿ ಹೇಳಬೇಕೆಂದರೆ ಅವಸರ ಬೇಕಾಗಿರಲಿಲ್ಲ.

ಹತ್ತೂವರೆಗೆ ಸೈರನ್ ಕೂಗಿತು.

ಮಳೆ ಬಿದ್ದದ್ದು ಇಲ್ಲಲ್ಲ, ಮೇಲೆ ಎಲ್ಲೋ. ಕಂಬ ಅವನು ಕೂತಿದ್ದ ಹಿತ್ತಿಲಿನಿಂದ ಮೂವತ್ತು ಹೆಜ್ಜೆ. ಆ ಸದ್ದಿಗೆ ಕಾಲೊನಿಯ ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತ ಓಡಾಡಿದರು; ಯಾರಿಗೂ ಓಡಿಹೋಗಬೇಕಾದ ಜಾಗ ಇರಲಿಲ್ಲ, ಎಲ್ಲರೂ ಸುರಕ್ಷಿತವಾಗಿದ್ದರು. ಬಡಗಿ ಉಳಿ ಬಿಸಾಕಿ ಗುಡ್ಡದ ಅಂಚಿಗೆ ಓಡಿದ.

ಕೆಳಗೆ ಹನ್ನೊಂದು ಜನ ಬೆರಳುದ್ದ ಕಾಣುತ್ತಿದ್ದರು. ಸದ್ದು ಅವರಿಗೂ ಮುಟ್ಟಿತ್ತು. ಅವಸರ ಮಾಡುತ್ತಿದ್ದರು, ಆದರೆ ಗಾಬರಿ ಇರಲಿಲ್ಲ. ಕೆಲವರು ಹಗ್ಗದ ಮೇಲಿನ ಚಾದರಗಳನ್ನು ಬಾಚಿ ತೆಗೆದುಕೊಳ್ಳುತ್ತಿದ್ದರು. ಇಬ್ಬರು ಹಂಡೆ ಹಿಡಿದಿದ್ದರು. ಒಬ್ಬಳು ಅಕ್ಕನ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದಳು. ಕಾಲುದಾರಿ ಅವರ ಎಡಕ್ಕೆ, ನೂರು ಹೆಜ್ಜೆಯಲ್ಲಿತ್ತು. ಯಾರೂ ಅತ್ತ ಮುಖ ಕೂಡ ತಿರುಗಿಸಲಿಲ್ಲ. ಹುಟ್ಟಿದಂದಿನಿಂದ ಆ ಸದ್ದಿಗೆ ಅವರ ಕಾಲು ಕಲಿತಿದ್ದ ದಾರಿ ಒಂದೇ. ಸಾಲಾಗಿ ಅಕ್ಕನ ಮನೆಯ ಕಡೆಗೆ ನಡೆದರು.

"ಒಳಗೆ ಹೋಗ್ಬೇಡೀ! ದಾರಿಗೆ ಬನ್ನೀ! ಅಕ್ಕಾ, ಅಟ್ಟ ಇಲ್ಲಾ!"

ತನ್ನ ದನಿ ತನಗೇ ಕೇಳಿಸಲಿಲ್ಲ. ಸೈರನ್ ತಲೆಯ ಮೇಲೆಯೇ ಕೂಗುತ್ತಿತ್ತು. ಅಕ್ಕ ಸೊಂಟದಿಂದ ಕೀಲಿಕೈ ತೆಗೆಯುವುದು ಕಂಡಿತು. ಬಾಗಿಲು ತೆರೆಯಿತು. ಒಬ್ಬೊಬ್ಬರಾಗಿ ಒಳಗೆ ಹೋದರು, ಹಂಡೆ ಹಿಡಿದವರು ಕೊನೆಗೆ. ಬಾಗಿಲು ಮುಚ್ಚಿತು.

ಅವನು ಕಾಲುದಾರಿಯಲ್ಲಿ ಬಿದ್ದು ಎದ್ದು ಇಳಿದ. ಅರ್ಧ ದಾರಿಯಲ್ಲಿರುವಾಗ ಹೊಳೆಯ ಸದ್ದು ಬೇರೆಯಾಯಿತು. ಬೀದಿಯ ಬೆನ್ನು ತಲುಪಿದಾಗ ನೀರು ಸೊಂಟಕ್ಕಿತ್ತು; ಮರದ ದಿಮ್ಮಿ, ತಗಡು, ಮೇಕೆಯ ಹೆಣ ಹೊತ್ತು ಸುತ್ತುತ್ತಿತ್ತು. ಎರಡು ಸಲ ಗೋಡೆ ಹಿಡಿದು ಮುಂದೆ ಹೋಗಲು ನೋಡಿದ, ಎರಡು ಸಲವೂ ಅದು ಅವನನ್ನು ಎತ್ತಿ ಹಿಂದಕ್ಕೆ ಹಾಕಿತು. ಕೊನೆಗೆ ಗುಡ್ಡದ ಬುಡದ ಒಂದು ಮರಕ್ಕೆ ತೆಕ್ಕೆ ಬಿದ್ದ. ಅಲ್ಲಿಂದ ಅಕ್ಕನ ಮನೆಯ ಹಿಂಗೋಡೆ ನಲವತ್ತು ಅಡಿ. ಒಳಗಿನಿಂದ ಏನಾದರೂ ಕೇಳಿಸಿತೇ ಎಂದು ಆಮೇಲೆ ಹಲವರು ಅವನನ್ನು ಕೇಳಿದರು.

ಒಳಗೆ ಏನಾಯಿತು ಎಂದು ಹೇಳಿದವಳು ರೇಡಿಯೋ. ಮರುದಿನ ಆಸ್ಪತ್ರೆಯಲ್ಲಿ, ಅವಳೇ ಎಷ್ಟೋ ಸಲ ಒಗೆದಿದ್ದ ಚಾದರದ ಮೇಲೆ ಮಲಗಿ, ಗೋಡೆ ನೋಡಿಕೊಂಡು ಹೇಳಿದಳು. ಬಡಗಿ ಮಂಚದ ಪಕ್ಕ ನಿಂತಿದ್ದ.

"ಅಗುಳಿ ಹಾಕಿದ್ದು ನಾನೇ. ಹಾಕಿ ತಿರುಗಿದ್ರೆ ಏಣಿ ಇಲ್ಲ. ಏಣಿ ಎಲ್ಲಿ ಅಂತ ಎಲ್ಲಾರೂ ನೆಲದ ಮೇಲೆ ಹುಡುಕ್ತಾ ಇದ್ವಿ, ಮೇಲೆ ಯಾರೂ ನೋಡಿರಲಿಲ್ಲ. ಅಕ್ಕ ನೋಡಿದ್ಲು."

"ಏನಂದ್ಲು?"

"ಅವನು ಬಂದಿದ್ದ ಅಂದ್ಲು. ಅಷ್ಟೇ. ನಾವು ಬಾಗಿಲು ತೆಗೆಯೋಕೆ ಹೋದ್ವಿ, ನೀರು ಆಗಲೇ ಹೊರಗಿಂದ ಒತ್ತಿಬಿಟ್ಟಿತ್ತು, ಅಗುಳಿ ಜಗ್ಗಲಿಲ್ಲ. ಅಕ್ಕ ಗಂಟುಗಳನ್ನ ಒಂದರ ಮೇಲೊಂದು ಒಟ್ಟಿ ಅಂದ್ಲು. ಒಟ್ಟಿದ್ವಿ. ಹಂಡೆ ಮಗುಚಿ ಅದರ ಮೇಲೆ ಇಟ್ವಿ. ಒಬ್ಬರು ನಿಲ್ಲೋ ಅಷ್ಟು ಜಾಗ. ನೀನು ಹಗುರ ಇದೀಯ, ಹತ್ತು ಅಂತ ನನಗೆ ಬೈದ್ಲು. ಹತ್ತಿ ಗೋಡೆ ಗೂಡಿಗೆ ಕೈ ಹಾಕಿದೆ. ನನ್ನ ಹಿಂದೆ ಪಕ್ಕದ ಮನೆಯ ಹೊಸ ಸೊಸೆ ಹತ್ತಿದ್ಲು. ಮೂರನೆಯವಳು ಹತ್ತೋವಾಗ ಗಂಟು ಜಾರಿದ್ವು." ಅವಳು ಚಾದರದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಒದ್ದೆ ಚಾದರ ಅಲ್ವಾ, ಕಾಲಿಗೆ ಸುತ್ತಿಕೊಳ್ಳುತ್ತೆ."

ಇಬ್ಬರೂ ಎಂಟು ಗಂಟೆ ಗೂಡುಗಳಲ್ಲಿ ಕೈ ಸಿಕ್ಕಿಸಿಕೊಂಡು ನೀರಿನಲ್ಲಿ ನೇತಾಡಿದ್ದರು.

"ಯಾಕೆ ಹೇಳಲಿಲ್ಲ?" ಎಂದು ಕೇಳಿದಳು ರೇಡಿಯೋ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದಳು. "ತೆಗೆದಿದ್ದು ಹೋಗಲಿ. ತೆಗೆದೆ ಅಂತ ಒಂದು ಮಾತು ಹೇಳಿದ್ರೆ ನಾವು ನಿನ್ನೆ ಇಳೀತಾನೇ ಇರಲಿಲ್ಲ. ಇಳಿದಿದ್ರೂ ಅಕ್ಕನ್ನ ಹೊತ್ಕೊಂಡಾದ್ರೂ ಗುಡ್ಡ ಹತ್ತುತಿದ್ವಿ."

"ಹೇಳಬೇಕು ಅಂತಲೇ ಇದ್ದೆ."

"ಯಾವಾಗ?"

"ಊಟದ ಹೊತ್ತಿಗೆ."

ರೇಡಿಯೋ ಮಗ್ಗುಲು ಬದಲಿಸಿ ಮಲಗಿದಳು.

ಸಾಹೇಬರು ತಗಡಿನ ಕೋಣೆಯಲ್ಲಿ ವರದಿ ಬರೆದರು. ಬಡಗಿಯನ್ನು ಕರೆಸಿ, ಚಹಾ ತರಿಸಿ, ಓದಿ ಹೇಳಿದರು. ಪುನರ್ವಸತಿ ಕಾಲೊನಿಯಲ್ಲಿ ಯಾವುದೇ ಪ್ರಾಣಹಾನಿ ಇಲ್ಲ. ವಾಸಕ್ಕೆ ಯೋಗ್ಯವಲ್ಲವೆಂದು ಹಿಂದಿನ ದಿನವೇ ದಾಖಲಾಗಿದ್ದ ಕಟ್ಟಡಕ್ಕೆ ಅನುಮತಿಯಿಲ್ಲದೆ ಪ್ರವೇಶಿಸಿದವರು ಮೃತಪಟ್ಟಿದ್ದಾರೆ. "ನಿಮ್ಮ ಮೇಲೆ ಏನೂ ಬರಲ್ಲ ಮೇಸ್ತ್ರಿ. ನೀವು ಆದೇಶದಂತೆ ಮಾಡಿದೀರಿ," ಎಂದರು. ಬಡಗಿ ಚಹಾ ಮುಟ್ಟಲಿಲ್ಲ. ಪೈಪಿನವರು ಮುಂದಿನ ವಾರ ಅಗೆಯಲು ಶುರು ಮಾಡುತ್ತಾರೆ ಎಂದೂ ಸಾಹೇಬರು ಹೇಳಿದರು.

ಅಲ್ಲಿಂದ ಅವನು ನೇರವಾಗಿ ಕೆಳಗಿಳಿದ. ಬಾಗಿಲನ್ನು ಹೆಣ ತೆಗೆಯುವವರು ಒಡೆದಿದ್ದರು. ಒಳಗೆ ಮೊಣಕಾಲುದ್ದ ಕೆಸರು. ನೀರು ನಿಂತಿದ್ದ ಗೆರೆ ನಾಲ್ಕೂ ಗೋಡೆಯ ಮೇಲೆ ದಾರ ಹಿಡಿದು ಎಳೆದಷ್ಟು ನೆಟ್ಟಗಿತ್ತು. ಬಡಗಿ ಜೇಬಿನಿಂದ ಟೇಪು ತೆಗೆದ. ಒಡೆದ ಬಾಗಿಲನ್ನು ಗೋಡೆಗೆ ಒರಗಿಸಿ ಹತ್ತಿ, ಗೆರೆಯಿಂದ ತೊಲೆಯ ಗೂಡಿನ ತಳದವರೆಗೆ ಅಳೆದ. ಇನ್ನೊಂದು ಸಲ ಅಳೆದ. ಎರಡು ಸಲವೂ ಒಂದೂವರೆ ಅಡಿಯೇ ಬಂತು. ಅಟ್ಟ ಇದ್ದಿದ್ದರೆ ಹಲಗೆ ಕೂಡ ನೆನೆಯುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಕಾಗದದಲ್ಲಿ ಅಂದು ಹೊಳೆಪಾಲಾದ ಅವರ ಬಟ್ಟೆಯ ಲೆಕ್ಕವಿತ್ತು. ಉಳಿದದ್ದನ್ನು ಬಡಗಿಯ ಹೆಂಡತಿ ಅದರ ಕೆಳಗೆ ಬರೆದಳು. ಚಾದರ ಮುನ್ನೂರ ಹನ್ನೆರಡು. ದಿಂಬಿನ ಚೀಲ ನೂರಾ ನಲವತ್ತು. ಹಂಡೆ ಎರಡು, ಬಕೆಟ್ಟು ಹದಿನಾಲ್ಕು, ಸೋಪಿನ ಪೀಪಾಯಿ ಒಂದು. ಒಗೆಯುವ ಹೆಂಗಸರು ಒಂಬತ್ತು.